ಕ್ಲಾರ್ಕ್ ಕೀಗೆ ಶುಕ್ರವಾರ ಹೋಗುವ ಮೊದಲು

ಸಿಂಗಾಪುರಕ್ಕೆ ಬಂದು ಮೂರು ವಾರ ಆಯ್ತು, ಶುಕ್ರವಾರ ಆಫೀಸಿನವರು ನದಿ ದಡದ ಹೋಟೆಲು, ಬಾರುಗಳ ಜಾಗವಾದ ಕ್ಲಾರ್ಕ್ ಕೀಗೆ ಕರೆದಿದ್ದಾರೆ, ಹೋಗಲಾ, ಖರ್ಚೆಷ್ಟು, ಸಸ್ಯಾಹಾರಿಗೆ ಏನು ಸಿಗುತ್ತೆ, ರಾತ್ರಿ ಭಯ ಇಲ್ವಾ ಅಂತ ಕೇಳಿದ್ದೀರಿ. ಮನೆ ಬಾಡಿಗೆ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ಈಗ ಇಷ್ಟೇ ಹೇಳುತ್ತೇನೆ: ಅವಸರದಲ್ಲಿ ಎರಡು ವರ್ಷದ ಕರಾರಿಗೆ ಸಹಿ ಹಾಕಬೇಡಿ.

ಹೋಗಿ. ಖಂಡಿತ ಹೋಗಿ. 2008ರಲ್ಲಿ ನಾನು ಬಂದ ಎರಡನೇ ವಾರವೇ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕೀ ಅಂದರೆ ಮತ್ತೇನಲ್ಲ, ನಮ್ಮ ಮಂಗಳೂರಿನವರು ದಕ್ಕೆ ಅನ್ನುತ್ತಾರಲ್ಲ, ಅದೇ. ಈಗ ಬಣ್ಣ ಬಳಿದುಕೊಂಡು ಹೊಳೆಯುವ ಆ ಹೋಟೆಲುಗಳೆಲ್ಲ ಹಿಂದೆ ಸರಕಿನ ಗೋದಾಮುಗಳು. ಹಡಗಿನಿಂದ ಇಳಿದ ಮಾಲು ದೋಣಿಗಳಲ್ಲಿ ಇಲ್ಲಿಗೆ ಬರುತ್ತಿತ್ತು, ಕೂಲಿಗಳು ಹೆಗಲ ಮೇಲೆ ಮೂಟೆ ಹೊತ್ತು ಒಳಗೆ ಸಾಗಿಸುತ್ತಿದ್ದರು. ನದಿ ನಾರುತ್ತಿತ್ತಂತೆ. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಹತ್ತು ವರ್ಷದೊಳಗೆ ಇದು ಶುದ್ಧವಾಗಬೇಕು ಅಂದರು. 1983ರಲ್ಲಿ ದೋಣಿಗಳನ್ನೆಲ್ಲ ಪಾಸಿರ್ ಪಂಜಾಂಗ್ ಕಡೆಗೆ ಕಳಿಸಿದರು, 1987ಕ್ಕೆ ಕೆಲಸ ಮುಗಿಸಿದರು. ತುಂಗೆಯ ದಡದಲ್ಲಿ ಬೆಳೆದ ನನಗೆ ಈ ಲೆಕ್ಕ ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಹತ್ತೇ ವರ್ಷ!

ಖರ್ಚಿನ ವಿಷಯದಲ್ಲಿ ಹುಷಾರು. ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಕಂಡರೆ, ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜು, ಅದರ ಮೇಲೆ ಒಂಬತ್ತು ಪರ್ಸೆಂಟ್ ಜಿಎಸ್‌ಟಿ ಅಂತ ಅರ್ಥ. 100 ಡಾಲರಿನ ಊಟಕ್ಕೆ 119 ಡಾಲರ್ 90 ಸೆಂಟ್ಸ್ ಆಗುತ್ತದೆ. ಬಿಲ್ಲನ್ನು ತಲೆ ಎಣಿಸಿ ಸಮನಾಗಿ ಹಂಚುವ ಗುಂಪಾದರೆ ನಿಮ್ಮ ಒಂದು ಸೋಡಾಕ್ಕೂ ಅವರ ಬಿಯರಿನ ದುಡ್ಡೇ ಬೀಳುತ್ತದೆ. ಮೊದಲೇ ಕೇಳಿಕೊಳ್ಳಿ, ನಾಚಿಕೆ ಬೇಡ. ಊಟ ಮುಗಿಸಿಕೊಂಡೇ ಹೋಗುವುದು ಒಳ್ಳೆಯದು. ಕ್ಲಾರ್ಕ್ ಕೀಗೆ ಹೋಗುವ ಅದೇ ನೇರಳೆ ಬಣ್ಣದ ಮೆಟ್ರೋ ಲೈನಿನಲ್ಲಿ ಎರಡೇ ಸ್ಟೇಷನ್ ದೂರದಲ್ಲಿ ಲಿಟಲ್ ಇಂಡಿಯಾ ಇದೆ. ಅಲ್ಲಿ ಸೆರಂಗೂನ್ ರೋಡಿನ ಕೋಮಲ ವಿಲಾಸ್ 1947ರಿಂದ ದೋಸೆ ಹಾಕುತ್ತಿದೆ. ಕ್ಲಾರ್ಕ್ ಕೀಯಲ್ಲೇ ತಿನ್ನುವುದಾದರೆ ಬರೀ ವೆಜಿಟೇರಿಯನ್ ಅಂದರೆ ಸಾಲದು. ಮೊಟ್ಟೆ ಬೇಡ, ಫಿಶ್ ಸಾಸ್ ಬೇಡ, ಆಯ್ಸ್ಟರ್ ಸಾಸ್ ಬೇಡ ಅಂತ ಒಂದೊಂದಾಗಿ ಹೇಳಿ.

ಭಯ ಏನಿಲ್ಲ. ರಾತ್ರಿ ಹತ್ತೂವರೆ ಆದ ಮೇಲೆ ಬೀದಿಯಲ್ಲಿ, ಸೇತುವೆ ಮೇಲೆ ಕೂತು ಕುಡಿಯುವುದು ಕಾನೂನಿಗೆ ವಿರುದ್ಧ, ಅಷ್ಟು ನೆನಪಿರಲಿ. ಹನ್ನೆರಡರ ನಂತರ ಟ್ಯಾಕ್ಸಿ ಹಿಡಿದರೆ ಮೀಟರಿನ ಮೇಲೆ ಅರ್ಧದಷ್ಟು ಜಾಸ್ತಿ.

ಇಷ್ಟು ನೀವು ಕೇಳಿದ್ದಕ್ಕೆ ಆಯ್ತು. ಕೇಳದೇ ಇದ್ದದ್ದು ಒಂದಿದೆ.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಅಮ್ಮ ಊರಲ್ಲಿ ರಾತ್ರಿ ಎಂಟೂವರೆಗೆ ಊಟ ಮುಗಿಸಿ ಮಿಸ್ಡ್ ಕಾಲ್ ಕೊಡುತ್ತಿದ್ದರು. ಇಲ್ಲಿ ಹನ್ನೊಂದು. ಶುಕ್ರವಾರ ಆ ಹೊತ್ತಿಗೆ ನಾನು ಕ್ಲಾರ್ಕ್ ಕೀಯ ರೀಡ್ ಬ್ರಿಡ್ಜ್ ಹತ್ತಿರ ಗೆಳೆಯರ ಜೊತೆ ಇರುತ್ತಿದ್ದೆ. ಸ್ವಲ್ಪ ದೂರ ಹೋಗಿ, ಒಂದು ಕಿವಿ ಮುಚ್ಚಿಕೊಂಡು, ಕಾಲಿಂಗ್ ಕಾರ್ಡಿನ ಉದ್ದದ ನಂಬರು ಒತ್ತಿ ಮಾತಾಡುತ್ತಿದ್ದೆ. "ಏನೋ ಅದು ಗಲಾಟೆ?" "ಈಗ ಆಫೀಸಿಂದ ಹೊರಟೆ ಅಮ್ಮ, ರಸ್ತೆಯಲ್ಲಿದೀನಿ." ಕುಡಿಯುತ್ತಿದ್ದದ್ದು ನಿಂಬೆ ಸೋಡಾ. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೂ ನದಿ ದಡ, ಬಾರು, ಹಾಡು ಅಂದರೆ ಅವರು ಏನೆಂದುಕೊಳ್ಳುತ್ತಾರೋ ಅಂತ ಸುಮ್ನೆ ಸುಳ್ಳು ಹೇಳಿದೆ. ಒಂದು ಸಲ ಅಲ್ಲ, ಎರಡು ವರ್ಷ.

ರಜೆಗೆ ತೀರ್ಥಹಳ್ಳಿಗೆ ಹೋದಾಗ ಒಂದು ಶುಕ್ರವಾರ ರಾತ್ರಿ ಅಮ್ಮ ನನಗೆ ಬಡಿಸಿ ತಾವು ಒಂದು ಲೋಟ ಹಾಲು ಹಿಡಿದು ಕೂತರು. ಯಾಕೆ ಅಂದೆ. ಅಕ್ಕ ಒಳಗಿಂದ ಹೇಳಿದಳು, "ನಿಂಗೇ ಕಣೋ. ಶುಕ್ರವಾರ ನಡುರಾತ್ರಿವರೆಗೆ ದುಡೀತಾನೆ, ಕೆಲಸ ಹಗುರ ಆಗ್ಲಿ ಅಂತ ಒಪ್ಪೊತ್ತು ಹಿಡಿದಿದ್ದಾರೆ." ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು. ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

2016ರಲ್ಲಿ ಅಮ್ಮನನ್ನು ಇಲ್ಲಿಗೆ ಕರೆಸಿ, ಅದೇ ಕ್ಲಾರ್ಕ್ ಕೀಯಿಂದ ದೋಣಿ ಹತ್ತಿಸಿದೆ. ಬೋಟ್ ಕೀ ದಾಟುವಾಗ ರಾಫಲ್ಸ್ ಪ್ಲೇಸಿನ ಎತ್ತರದ ಕಟ್ಟಡಗಳನ್ನು ನೋಡಿ ನಿನ್ನ ಆಫೀಸು ಯಾವುದು ಅಂತ ಕೇಳಿದರು. ತೋರಿಸಿದೆ. ಅಲ್ಲೊಂದು ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. "ಪಾಪ, ಯಾರ ಮಗನೋ, ಇನ್ನೂ ಮನೆಗೆ ಹೋಗಿಲ್ಲ" ಅಂದರು. ಸೆರಗು ಬಾಯಿಗೆ ಹಿಡಿದು ತುಂಬಾ ಹೊತ್ತು ಆ ಕಿಟಕಿಯನ್ನೇ ನೋಡಿದರು. ಒಪ್ಪೊತ್ತು ಇನ್ನೂ ನಡೆಯುತ್ತಿದೆ. ನನಗೆ ಇನ್ನೂ ಬಾಯಿ ಬಂದಿಲ್ಲ.

ನೀವು ಶುಕ್ರವಾರ ಹೊರಡುವ ಮೊದಲು ಸಂಜೆ ಏಳಕ್ಕೆ ಮನೆಗೆ ಫೋನ್ ಮಾಡಿ. ಅಲ್ಲಿ ನಾಲ್ಕೂವರೆ, ಕಾಫಿ ಹೊತ್ತು. ಎಲ್ಲಿಗೆ ಹೋಗ್ತಿದೀನಿ, ಯಾರ ಜೊತೆ ಅಂತ ಹೇಳಿ. ಈಗ ವಿಡಿಯೋ ಕಾಲ್ ಇದೆಯಲ್ವಾ, ಅಲ್ಲಿ ಹೋದ ಮೇಲೆ ನದಿಯನ್ನೂ ತೋರಿಸಿ.