ಆಟಕ್ಕುಂಟು, ಲೆಕ್ಕಕ್ಕಿಲ್ಲ

ಓದುಗರ ಪತ್ರ: ಒಂಬತ್ತು ದೇಶಗಳಲ್ಲಿ ಕಚೇರಿಗಳಿರುವ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ನಾನು ಅಧಿಕಾರಿ. ತೋಟದ ಮನೆಯಿಂದಲೇ ಕೆಲಸ. ನೌಕರರಿಗೆ ಕಂಪನಿ ತಮ್ಮದೆನ್ನಿಸಲಿ, ಮನಸ್ಸು ನೆಮ್ಮದಿಯಾಗಿರಲಿ ಎಂದು ಆನ್‌ಲೈನ್ ಯೋಗ, ಧ್ಯಾನದ ಆ್ಯಪ್, ಶುಕ್ರವಾರದ ಆಟಗಳು ಎಲ್ಲವನ್ನೂ ಮಾಡಿ ನೋಡಿದೆವು. ನಮ್ಮ ಬೆಂಗಳೂರು, ಮೈಸೂರಿನ ಹುಡುಗರು ಕ್ಯಾಮೆರಾ ಕೂಡ ಹಾಕುವುದಿಲ್ಲ. ಬೆರೆಯುವ ಗುಣವೇ ನಮ್ಮವರಿಗಿಲ್ಲವೆ? ನಮ್ಮ ಕಾಫಿ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವ ಅಸ್ಸಾಮಿನವರಿಗೆ ಇಂಥ ತಕರಾರು ಒಂದೂ ಇಲ್ಲ. — ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷವಾಯಿತು, ಏಕೆಂದರೆ ಕೈಕೆಳಗಿನವರ ನೆಮ್ಮದಿಯ ಬಗ್ಗೆ ತಲೆಕೆಡಿಸಿಕೊಂಡು ಪತ್ರಿಕೆಗೆ ಬರೆಯುವ ಅಧಿಕಾರಿಗಳು ಅಪರೂಪ. ಎರಡನೆಯ ಸಲ ಕೊನೆಯ ಸಾಲಿನಲ್ಲಿ ಕಣ್ಣು ಸಿಕ್ಕಿಕೊಂಡಿತು. ಅದಕ್ಕೆ ಆಮೇಲೆ ಬರುತ್ತೇನೆ. ಯೋಗದಿಂದ ಬೆನ್ನುನೋವು ಇಳಿದವರಿದ್ದಾರೆ, ಶುಕ್ರವಾರದ ಆಟದಲ್ಲಿ ಮನಸಾರೆ ನಕ್ಕವರೂ ಇರಬಹುದು. ಅದಕ್ಕಿಂತ ಹೆಚ್ಚಿನ ಮನ್ನಣೆಯನ್ನು ಆ ಕಾರ್ಯಕ್ರಮಗಳಿಗೆ ಕೊಡಲು ನನ್ನಿಂದಾಗದು.

ಇದು ನನ್ನೊಬ್ಬನ ಹಟವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಅವರು ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ್ಯಪ್, ಒತ್ತಡ ನಿರ್ವಹಣೆಯ ತರಬೇತಿ ಮುಂತಾದವುಗಳಲ್ಲಿ ಪಾಲ್ಗೊಂಡವರ ನೆಮ್ಮದಿ ಪಾಲ್ಗೊಳ್ಳದವರಿಗಿಂತ ಹೆಚ್ಚೇನೂ ಇರಲಿಲ್ಲ. ಸ್ವಯಂಸೇವೆಗೆ ಹೋದವರಲ್ಲಿ ಮಾತ್ರ ಸ್ವಲ್ಪ ಒಳಿತು ಕಂಡಿತು. ಇನ್ನೊಬ್ಬರಿಗೆ ತಾನು ಬೇಕಾದವನೆಂಬ ಭಾವ ಅಲ್ಲಿ ಸಿಕ್ಕಿರಬೇಕು ಎಂಬುದು ನನ್ನ ಊಹೆ.

ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್, ಅಂದರೆ ಜನಾರೋಗ್ಯದ ಬಗ್ಗೆ ಅಲ್ಲಿನ ಸರ್ಕಾರದ ಪರವಾಗಿ ಮಾತಾಡುವ ಹಿರಿಯ ವೈದ್ಯಾಧಿಕಾರಿ, ಆಗಿದ್ದಾಗ, 2022ರಲ್ಲಿ, ಉದ್ಯೋಗ ಸ್ಥಳದ ಮಾನಸಿಕ ಆರೋಗ್ಯಕ್ಕೆ ಐದು ಅಗತ್ಯಗಳನ್ನು ಹೇಳಿದರು. ಅದರಲ್ಲೊಂದು, ತಾನಿಲ್ಲಿ ಲೆಕ್ಕಕ್ಕಿದ್ದೇನೆ ಎಂದು ನೌಕರನಿಗೆ ಅನ್ನಿಸುವುದು. ನಮ್ಮ ಹಳ್ಳಿಯ ಮಕ್ಕಳಿಗೆ ಇದನ್ನು ಯಾರೂ ವರದಿ ಬರೆದು ತಿಳಿಸಬೇಕಾಗಿಲ್ಲ. ಚಿಕ್ಕವನೊಬ್ಬ ಆಟಕ್ಕೆ ಸೇರಲು ಅತ್ತರೆ ದೊಡ್ಡವರು ಅವನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡಿ ಬಿಟ್ಟುಕೊಳ್ಳುತ್ತಾರೆ. ಅವನೂ ಓಡುತ್ತಾನೆ, ಕೂಗುತ್ತಾನೆ, ಆದರೆ ಅವನು ಔಟಾದರೂ ಆಗದಿದ್ದರೂ ಯಾರಿಗೂ ಏನೂ ಆಗುವುದಿಲ್ಲ. ನಿಮ್ಮ ಹುಡುಗರು ಕ್ಯಾಮೆರಾ ಹಾಕದಿರುವುದು ಬೆರೆಯುವ ಗುಣವಿಲ್ಲದೆ ಅಲ್ಲ. ಲೆಕ್ಕಕ್ಕಿಲ್ಲದ ಆಟ ಯಾವುದೆಂದು ಅವರು ಎಂದೋ ಕಂಡುಕೊಂಡಿದ್ದಾರೆ.

ನಿಮ್ಮ ಕಂಪನಿಯ ಮೀಟಿಂಗು ಯಾರ ಗಡಿಯಾರದ ಪ್ರಕಾರ ನಡೆಯುತ್ತದೆಂದು ನೋಡಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಬೆಳಗಿನ 9 ಗಂಟೆಯೆಂದರೆ ನಮ್ಮ ರಾತ್ರಿ ಹತ್ತೂವರೆ. ಮಾರ್ಚ್‌ನ ಎರಡನೆಯ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ನಾವು ಗಡಿಯಾರವನ್ನು ಮುಟ್ಟದಿದ್ದರೂ ನಮ್ಮ ಹುಡುಗಿಯ ಊಟದ ಹೊತ್ತು ವರ್ಷಕ್ಕೆರಡು ಸಲ ಜರುಗುತ್ತದೆ. ಒಂದು ತಿಂಗಳು ಅವರು ನಿದ್ದೆಗೆಡಲಿ, ಒಂದು ತಿಂಗಳು ನಾವು ಕೆಡೋಣ ಎನ್ನುವ ಮಾತನ್ನು ನಿಮ್ಮ ವಿಭಾಗದಿಂದ ಯಾರಾದರೂ ಎಂದಾದರೂ ಎತ್ತಿದ್ದಾರೆಯೆ? ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದ ಕಾರಣಕ್ಕೆ ಪಾರ್ಶ್ವವಾಯು, ಹೃದ್ರೋಗಗಳಿಂದ 2016ರಲ್ಲಿ ಸತ್ತವರು 7,45,000 ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜು ಮಾಡಿವೆ. ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಸಂದೇಶಗಳಿಂದ ದೂರವಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದಲೇ ಕಾನೂನಿನಲ್ಲಿದೆ. ಇಲ್ಲಿ ರಾತ್ರಿ ಹನ್ನೊಂದರವರೆಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತವನಿಗೆ ಬೆಳಿಗ್ಗೆ ಆರಕ್ಕೆ ಎದ್ದು ಧ್ಯಾನ ಮಾಡೆಂದು ಆ್ಯಪ್ ಗಂಟೆ ಬಾರಿಸುತ್ತದೆ.

ನನ್ನ ತಂದೆಯವರು ಮೂಡಿಗೆರೆಯ ಕಡೆ ತೋಟವೊಂದರಲ್ಲಿ ಕೂಲಿಯವರ ಹಾಜರಿ, ಲೆಕ್ಕ ಬರೆಯುವ ರೈಟರಾಗಿದ್ದರು. ಬೆಳಿಗ್ಗೆ ಕಂಕುಳಲ್ಲಿ ಚೆಕ್‌ರೋಲ್ ಪುಸ್ತಕ ಇರುಕಿಕೊಂಡು ಕಣದ ಅಂಚಿನಲ್ಲಿ ನಿಂತು ಒಂದೊಂದೇ ಹೆಸರು ಕೂಗುವರು. ಘಟ್ಟದ ಕೆಳಗಿನಿಂದ ಬಂದವರು, ತಮಿಳು ಸೀಮೆಯವರು, ಬಯಲುಸೀಮೆಯವರು ಎಲ್ಲರೂ ಆ ಪುಸ್ತಕದಲ್ಲಿದ್ದರು. ಒಂದು ಹೆಸರಿಗೆ ‘ಹ್ಞೂಂ’ ಬರದಿದ್ದರೆ ಪೆನ್ಸಿಲನ್ನು ಅಲ್ಲಿಯೇ ತಡೆದು, ಏನಾಯಿತೆಂದು ಪಕ್ಕದವರನ್ನು ಕೇಳಿ, ಜ್ವರವೆಂದು ತಿಳಿದರೆ ಲೈನ್ ಮನೆಗೆ ಹುಡುಗನೊಬ್ಬನನ್ನು ಓಡಿಸುತ್ತಿದ್ದರು. ಹಾಜರಿ ತಪ್ಪಿದ್ದಕ್ಕೆ ಬಟವಾಡೆಯ ದಿನ ಕೂಲಿ ಮುರಿಯುತ್ತಿದ್ದವರೂ ಅವರೇ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಲೈನ್ ಮನೆಗಳ ಸೋರುವ ಸೂರನ್ನು ಹೊಗಳುವ ಆಸೆಯೂ ನನಗಿಲ್ಲ. ಆದರೆ ತಾನು ಬಾರದ ದಿನ ಒಂದು ಪೆನ್ಸಿಲ್ ನಿಲ್ಲುತ್ತದೆಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಿಮ್ಮ ಸಿಸ್ಟಮ್ಮಿನಲ್ಲಿ ಲಾಗಿನ್ ಆಗದವನ ಹೆಸರಿನ ಮುಂದೆ ಕೆಂಪು ಚುಕ್ಕೆ ಬೀಳುತ್ತದೆ, ಅಷ್ಟೆ.

ಈಗ ನಿಮ್ಮ ಕೊನೆಯ ಸಾಲು. ಅಸ್ಸಾಮಿನವರಿಗೆ ತಕರಾರಿಲ್ಲವೆಂದಿರಿ, ಅವರನ್ನು ಯಾವ ಭಾಷೆಯಲ್ಲಿ ಕೇಳಿದಿರಿ? ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ರೈಲು ಹತ್ತಿ ಬಂದು ನಿಮ್ಮ ಕಾಫಿ ಹಣ್ಣು ಬಿಡಿಸುವವರಲ್ಲಿ ಎಷ್ಟು ಮಂದಿಯ ಹೆಸರು ನಿಮಗೆ ಗೊತ್ತು? ನಾವು ಎಳ್ಳುಬೆಲ್ಲ ಹಂಚುವ ಸಂಕ್ರಾಂತಿಯ ಹೊತ್ತಿಗೇ ಅವರ ಊರಿನಲ್ಲಿ ಭೋಗಾಲಿ ಬಿಹು; ಅದು ನಮ್ಮ ಕೊಯ್ಲಿನ ಭರದ ಕಾಲ. ಲೈನಿನಲ್ಲಿ ಯಾರಿಗೆ ಬಿಹು, ಯಾರಿಗೆ ಈದ್ ಎಂದು ಕೇಳಿದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಷ್ಟು ಮಾಲೀಕರು ಉತ್ತರ ಹೇಳಿಯಾರು? ಸಂತೆಯಲ್ಲಂತೂ ಅವರೆಲ್ಲರಿಗೂ ಒಂದೇ ಹೆಸರು, ‘ಬಂಗಾಲಿಗಳು’. ಕ್ಯಾಲಿಫೋರ್ನಿಯಾದವರು ನಮ್ಮ ಹುಡುಗನ ಹೆಸರನ್ನು ಮೊಟಕು ಮಾಡಿ ಕರೆದಾಗ ನಮಗೆ ಉರಿಯುತ್ತದಲ್ಲವೆ? ಕೂಲಿಗೆ ಜನ ಸಿಗುತ್ತಿಲ್ಲವೆಂದು ಬೆಳೆಗಾರರ ಸಭೆಗಳಲ್ಲಿ ದೂರು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಬಂದವರು ಮರುವರ್ಷ ಏಕೆ ಬರಲಿಲ್ಲವೆಂದು ಒಬ್ಬರಾದರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ.

ಗದರಿಸಿದೆನೆಂದು ಬೇಸರಿಸಬೇಡಿ, ನಾನೇನು ಸಾಚಾ ಅಲ್ಲ. ಈ ಪತ್ರಿಕೆಯ ಪುಟ ವಿನ್ಯಾಸ ಮಾಡುವ ಹೆಣ್ಣುಮಗಳು 2020ರಿಂದ ತನ್ನ ಊರಿನಿಂದಲೇ ಕೆಲಸ ಮಾಡುತ್ತಿದ್ದಾಳೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ಕೂಟರ್ ಹತ್ತಿ, ಸಿಗ್ನಲ್ ಸಿಗುವ ಗುಡ್ಡಕ್ಕೆ ಹೋಗಿ ಪುಟ ಕಳಿಸಿದವಳು. ಆಕೆಯ ತಾಯಿ ತೀರಿಕೊಂಡದ್ದು ನನಗೆ ತಿಳಿದದ್ದು ಏಳು ತಿಂಗಳ ನಂತರ, ಅದೂ ಬೇರೆ ಯಾರದೋ ಬಾಯಿಂದ. ನಾಚಿಕೆಯಿಂದ ಫೋನ್ ಮಾಡಿ, ಏಕಮ್ಮ ಹೇಳಲಿಲ್ಲ ಎಂದೆ. “ಆ ವಾರವೂ ಪುಟ ಸರಿಯಾದ ಹೊತ್ತಿಗೆ ಬಂತಲ್ಲ ಸರ್, ಹಾಗಾಗಿ ನೀವು ಫೋನ್ ಮಾಡಲಿಲ್ಲ” ಎಂದಳು.