ಪಂದ್ಯ ಮುಗಿದ ಮೇಲೆ ಆಟಗಾರರಿಗೆ ಮಾರ್ಕ್ಸ್ ಹಾಕುವುದು ಹೇಗೆ? 2018ರ ಅಮೆರಿಕನ್ ಫುಟ್‌ಬಾಲ್ ಫೈನಲ್ ಇಟ್ಟುಕೊಂಡು ಒಂದು ಉದ್ದ ಉತ್ತರ

ನಮಸ್ಕಾರ, ನಿಮ್ಮ ಪೋಸ್ಟ್ ಓದಿದೆ. ಫೋನಿನಲ್ಲಿ ನಾಲ್ಕು ಸಾಲು ಬರೆದು ಮುಗಿಸುವ ವಿಷಯ ಅಲ್ಲ, ಅದಕ್ಕೇ ಲ್ಯಾಪ್‌ಟಾಪ್ ತೆಗೆದು ಕೂತಿದ್ದೇನೆ.

ನೀವು ನೋಡಿದ್ದು 2018ರ ಜನವರಿ 8ರ ಕಾಲೇಜ್ ಫುಟ್‌ಬಾಲ್ ಫೈನಲ್. ಅಟ್ಲಾಂಟಾದಲ್ಲಿ ಅಲಬಾಮಾ ತಂಡ ಓವರ್‌ಟೈಮ್‌ನಲ್ಲಿ ಜಾರ್ಜಿಯಾವನ್ನು 26–23ಕ್ಕೆ ಸೋಲಿಸಿದ್ದು. ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶದ ಪಟ್ಟಿ) ಪಕ್ಕದಲ್ಲಿಟ್ಟುಕೊಂಡು ಮೂರು ತೀರ್ಪು ಕೊಟ್ಟಿದ್ದೀರಿ: ಅಲಬಾಮಾದ ಟುವಾ ಟಾಗೊವೈಲೋವಾ ಒಬ್ಬನೇ ಗೆಲ್ಲಿಸಿದ, ಜಾರ್ಜಿಯಾದ ಫ್ರಾಮ್ ಸೋಲಿಸಿದ, ಅದೇ ತಂಡದಲ್ಲಿ ಚೆಂಡು ಹಿಡಿದು ಓಡುವ ಚಬ್ ದಂಡ. ಆಮೇಲೆ, ಈ ಸೀಸನ್ ನಿಮ್ಮ ಯೂನಿವರ್ಸಿಟಿ ತಂಡಕ್ಕೂ ಪ್ರತಿ ಶನಿವಾರ ಹೀಗೇ ಮಾರ್ಕ್ಸ್ ಹಾಕಬೇಕು, ಸರಿಯಾದ ದಾರಿ ಯಾವುದು ಅಂತ ಕೇಳಿದ್ದೀರಿ. ಮೂರರಲ್ಲಿ ಒಂದೂವರೆ ಒಪ್ಪುತ್ತೇನೆ. ಚಬ್ ವಿಷಯದಲ್ಲಂತೂ ಖಂಡಿತ ಇಲ್ಲ.

ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರು, ಸ್ಕೋರ್‌ಕಾರ್ಡ್ ನೋಡಿದರೆ ಅರ್ಧ ಕಥೆ ಗೊತ್ತಾಗಿಬಿಡುತ್ತದೆ ಅನ್ನುವ ಅಭ್ಯಾಸ. ಅಲ್ಲಿ ಒಂದು ಎಸೆತ ಅಂದರೆ ಬಹುಪಾಲು ಒಬ್ಬ ಬೌಲರ್, ಒಬ್ಬ ಬ್ಯಾಟರ್. ಇಲ್ಲಿ ಪ್ರತಿ ಪ್ಲೇಗೂ (ಕ್ರಿಕೆಟ್‌ನ ಒಂದು ಎಸೆತದ ಹಾಗೆ, ಒಂದು ಸಲದ ಆಟ) 22 ಜನ ಒಟ್ಟಿಗೇ ಏನೋ ಮಾಡುತ್ತಿರುತ್ತಾರೆ, ಬಾಕ್ಸ್ ಸ್ಕೋರ್‌ನಲ್ಲಿ ಬರುವುದು ಚೆಂಡು ಮುಟ್ಟಿದ ಇಬ್ಬರು ಮೂವರ ಹೆಸರು, ಜೊತೆಗೆ ಟ್ಯಾಕಲ್ ಮಾಡಿದವನು, ಅಂದರೆ ಚೆಂಡು ಹಿಡಿದವನನ್ನು ಕೆಡವಿದವನು. ಮುಂದೆ ನಿಂತು ಇಡೀ ರಾತ್ರಿ ಗುದ್ದಾಡಿದ ಐದು ಜನ ಲೈನ್‌ಮನ್‌ಗಳ ಲೆಕ್ಕ ಅದರಲ್ಲಿ ಇರುವುದೇ ಇಲ್ಲ. ಅದಕ್ಕೇ ನಾನು ಹೇಳುವುದು ಇಷ್ಟೇ: ಚೆಂಡು ಎಲ್ಲಿ ಹೋಯಿತು ಅನ್ನುವುದಕ್ಕೆ ಮಾರ್ಕ್ಸ್ ಹಾಕಬೇಡಿ. ಆ ಪ್ಲೇಯಲ್ಲಿ ಆ ಹುಡುಗನಿಗೆ ಇದ್ದ ಕೆಲಸ ಏನು, ಅದನ್ನು ಮಾಡಿದನಾ ಇಲ್ಲವಾ, ಅದಕ್ಕೆ ಹಾಕಿ.

ಮೊದಲು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳನ್ನೇ ತೆಗೆದುಕೊಳ್ಳೋಣ, ನಿಮ್ಮ ವಾದ ಜಾಸ್ತಿ ಇರುವುದು ಅಲ್ಲೇ. ಮೊದಲರ್ಧ ಆಡಿದ ಜೇಲನ್ ಹರ್ಟ್ಸ್ 8 ಪಾಸ್‌ನಲ್ಲಿ 3 ಪೂರ್ತಿ ಮಾಡಿ 21 ಯಾರ್ಡ್ ತಂದ, ತಂಡ 0–13 ಹಿಂದೆ. ಕೋಚ್ ನಿಕ್ ಸೇಬನ್ ಅರ್ಧದಲ್ಲಿ ಅವನನ್ನು ಕೂರಿಸಿ ಮೊದಲ ವರ್ಷದ ಟುವಾನನ್ನು ಇಳಿಸಿದರು. ಟುವಾ 24ರಲ್ಲಿ 14, 166 ಯಾರ್ಡ್, 3 ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆ ಗೆರೆ ದಾಟಿ ಬಂದ ಅಂಕ), 1 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದುಕೊಂಡ ಪಾಸ್). ಆ ಕಡೆ ಜಾರ್ಜಿಯಾದ ಜೇಕ್ ಫ್ರಾಮ್, ಅವನೂ ಮೊದಲ ವರ್ಷದವನೇ, 32ರಲ್ಲಿ 16, 232 ಯಾರ್ಡ್, 1 ಟಚ್‌ಡೌನ್, 2 ಇಂಟರ್‌ಸೆಪ್ಷನ್.

ಕಾಲೇಜ್ ಆಟದ ಪಾಸರ್ ರೇಟಿಂಗ್ ಲೆಕ್ಕ ಸುಲಭ, ಕೈಯಲ್ಲೇ ಮಾಡಬಹುದು. ಯಾರ್ಡ್ ಅನ್ನು 8.4ರಿಂದ ಗುಣಿಸಿ, ಪ್ರತಿ ಟಚ್‌ಡೌನ್‌ಗೆ 330 ಸೇರಿಸಿ, ಪೂರ್ತಿಯಾದ ಪ್ರತಿ ಪಾಸ್‌ಗೆ 100 ಸೇರಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 200 ಕಳೆಯಿರಿ, ಬಂದದ್ದನ್ನು ಎಸೆದ ಒಟ್ಟು ಪಾಸ್‌ಗಳಿಂದ ಭಾಗಿಸಿ. ಟುವಾಗೆ ಸುಮಾರು 149 ಬರುತ್ತದೆ, ಫ್ರಾಮ್‌ಗೆ 109ರ ಹತ್ತಿರ, ಹರ್ಟ್ಸ್‌ಗೆ 60ರ ಆಸುಪಾಸು. ನಿಮ್ಮ ತೀರ್ಪು ಸರಿ ಅನ್ನಿಸುತ್ತದೆ, ಅಲ್ವಾ? ಈಗ ಟುವಾ ಎಸೆದ ಆ ಕೊನೆಯ 41 ಯಾರ್ಡ್ ಪಾಸ್ ಒಂದನ್ನು ತೆಗೆದು ಮತ್ತೆ ಲೆಕ್ಕ ಹಾಕಿ. 122ಕ್ಕೆ ಇಳಿಯುತ್ತದೆ. ಫ್ರಾಮ್ ಕಡೆಯಿಂದ ಮೀಕೋಲ್ ಹಾರ್ಡ್‌ಮನ್‌ಗೆ ಹೋದ 80 ಯಾರ್ಡ್ ಟಚ್‌ಡೌನ್ ತೆಗೆಯಿರಿ, 77ಕ್ಕೆ ಬೀಳುತ್ತದೆ. ಅಂದರೆ ಇಬ್ಬರ ನಂಬರೂ ಒಂದೊಂದು ಎಸೆತದ ಮೇಲೆ ನೇತಾಡುತ್ತಿದೆ. ಆ ದೊಡ್ಡ ಪಾಸ್‌ಗಳು ಲೆಕ್ಕಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ, ಅವೇ ಪಂದ್ಯ ತಿರುಗಿಸಿದ್ದು. ಆದರೆ ಇಡೀ ರಾತ್ರಿ ಹೇಗಾಡಿದ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಮಿಕ್ಕ 23 ಪಾಸ್ ನೋಡಬೇಕು, ಮಿಕ್ಕ 31 ಪಾಸ್ ನೋಡಬೇಕು.

ಇಂಟರ್‌ಸೆಪ್ಷನ್ ಕೂಡ ಹಾಗೇ. ಫ್ರಾಮ್ ಹೆಸರಲ್ಲಿ ಎರಡಿದೆ. ಒಂದು ಮೊದಲ ಡ್ರೈವ್‌ನಲ್ಲಿ (ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿ) ಅಲಬಾಮಾದ ಟೋನಿ ಬ್ರೌನ್ ಹಿಡಿದದ್ದು. ಇನ್ನೊಂದು ಮೂರನೇ ಕ್ವಾರ್ಟರ್‌ನಲ್ಲಿ, ಮುಂದಿನ ಸಾಲಿನಲ್ಲೇ ತಗುಲಿ ಮೇಲಕ್ಕೆ ಪುಟಿದ ಚೆಂಡನ್ನು ಅಲಬಾಮಾದ ರೇಕ್ವಾನ್ ಡೇವಿಸ್ ಅನ್ನುವ ದೈತ್ಯ ಲೈನ್‌ಮನ್ ಹಿಡಿದದ್ದು. ಬಾಕ್ಸ್ ಸ್ಕೋರ್‌ಗೆ ಎರಡೂ ಒಂದೇ. ನಿಮ್ಮ ಪುಸ್ತಕದಲ್ಲಿ ಒಂದೇ ಆಗಬಾರದು. ಎರಡನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿ, ಯಾವುದಕ್ಕೆ ಎಷ್ಟು ಮೈನಸ್ ಅಂತ ನೀವೇ ಹಾಕಿ. ಅದರ ಸ್ವಲ್ಪ ಮುಂಚೆ ಟುವಾ ಎಸೆದ ಚೆಂಡು ಜಾರ್ಜಿಯಾದ ಡಿಆಂಡ್ರೆ ಬೇಕರ್ ಕೈಗೆ ಹೋಗಿತ್ತು. ಡೇವಿಸ್ ಕೂಡಲೇ ಅದನ್ನು ವಾಪಸ್ ತಂದುಕೊಟ್ಟ ಕಾರಣ ಆ ತಪ್ಪು ಯಾರಿಗೂ ನೆನಪಿಲ್ಲ. ಪಕ್ಕದವನು ಕಾಪಾಡಿದ ಅಂತ ತಪ್ಪಿನ ಮಾರ್ಕ್ಸ್ ಕಮ್ಮಿ ಮಾಡಬಾರದು.

ಸ್ಯಾಕ್ (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ವಿಷಯದಲ್ಲಿ ಹೊಸಬರು ಎಲ್ಲರೂ ಎಡವುವ ಒಂದು ಜಾಗ ಇದೆ, ಹೇಳಿಬಿಡುತ್ತೇನೆ. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸ್ಯಾಕ್ ಆಗಿ ಕಳೆದುಕೊಂಡ ಯಾರ್ಡ್ ತಂಡದ ಪಾಸಿಂಗ್ ಲೆಕ್ಕದಿಂದ ಹೋಗುತ್ತದೆ. ಕಾಲೇಜಿನಲ್ಲಿ ಅದು ಓಟದ ಲೆಕ್ಕದಿಂದ ಹೋಗುತ್ತದೆ. ಹಾಗಾಗಿ ಶನಿವಾರದ ಬಾಕ್ಸ್ ಸ್ಕೋರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಮೈನಸ್‌ನಲ್ಲಿ ಓಡಿದ್ದಾನೆ ಅಂತ ಕಂಡರೆ ನಗಬೇಡಿ. ಅವನು ಓಡಿಯೇ ಇಲ್ಲದಿರಬಹುದು, ಅವನ ಮುಂದಿನ ಐದು ಜನ ತೂತಾಗಿರಬಹುದು. ಓವರ್‌ಟೈಮ್‌ನಲ್ಲಿ ಅಲಬಾಮಾದ ಮೊದಲ ಪ್ಲೇಯಲ್ಲಿ ಟುವಾ 16 ಯಾರ್ಡ್ ಹಿಂದಕ್ಕೆ ಬಿದ್ದನಲ್ಲ, ಅದು ಅವನ ಪಾಸರ್ ರೇಟಿಂಗ್‌ನಲ್ಲಿ ಒಂದು ಚೂರೂ ಕಾಣುವುದಿಲ್ಲ. ನನ್ನ ಪ್ರಕಾರ ಆ ರಾತ್ರಿಯ ಅವನ ಅತಿ ಕೆಟ್ಟ ಪ್ಲೇ ಅದು. ಚೆಂಡನ್ನು ಹೊರಗೆ ಎಸೆದು ಕೈತೊಳೆದುಕೊಳ್ಳುವುದು ಬಿಟ್ಟು ಹಿಂದಕ್ಕೆ ಹಿಂದಕ್ಕೆ ಓಡಿದ. ಇದನ್ನು ಲೈನ್ ತಲೆಗೆ ಕಟ್ಟಬೇಡಿ, ಅವನ ತಲೆಗೇ ಕಟ್ಟಿ.

ಮರು ಪ್ಲೇಯಲ್ಲಿ, ಸೆಕೆಂಡ್ ಅಂಡ್ 26ರಲ್ಲಿ (ಹತ್ತು ಯಾರ್ಡ್ ಸಾಗಲು ನಾಲ್ಕು ಯತ್ನ, ಒಂದೊಂದೂ ಒಂದು ಡೌನ್; ಇದು ಎರಡನೇ ಯತ್ನ, ಬೇಕಾದ್ದು 26 ಯಾರ್ಡ್), ಅವನು ಮಾಡಿದ್ದಕ್ಕೆ ಪೂರ್ತಿ ಮಾರ್ಕ್ಸ್. ಇದನ್ನು ನಿಧಾನಗತಿಯಲ್ಲಿ ನೋಡಿ, ಆದರೆ ಚೆಂಡು ನೋಡಬೇಡಿ. ಜಾರ್ಜಿಯಾ ಹಿಂದೆ ಇಬ್ಬರು ಸೇಫ್ಟಿಗಳನ್ನು, ಅಂದರೆ ಎಲ್ಲರಿಗಿಂತ ಹಿಂದೆ ಕಾಯುವವರನ್ನು, ನಿಲ್ಲಿಸಿದೆ. ಟುವಾ ಮೊದಲು ಬೇರೆ ಕಡೆ ಕಣ್ಣಿಟ್ಟಿದ್ದಾನೆ, ಸೇಫ್ಟಿ ಅವನ ಕಣ್ಣು ನಂಬಿ ಅಲ್ಲೇ ತಡೆದಿದ್ದಾನೆ, ಅಷ್ಟರಲ್ಲಿ ಎಡಗಡೆ ಅಂಚಿನಲ್ಲಿ ಡಿವೊಂಟಾ ಸ್ಮಿತ್ ಕಾರ್ನರ್‌ನನ್ನು (ಅಂಚು ಕಾಯುವವನನ್ನು) ದಾಟಿ ಹೋಗಿಬಿಟ್ಟಿದ್ದಾನೆ. ಸೇಫ್ಟಿ ಬರುವುದು ತಡವಾಯಿತು, 41 ಯಾರ್ಡ್, ಪಂದ್ಯ ಮುಗಿಯಿತು. ಸ್ಮಿತ್ ಆ ಇಡೀ ರಾತ್ರಿ ಹಿಡಿದದ್ದು ಅದೊಂದೇ ಕ್ಯಾಚ್. ಬಾಕ್ಸ್ ಸ್ಕೋರ್ ನೋಡಿ ಮಾರ್ಕ್ಸ್ ಹಾಕುವವನು ಅವನಿಗೆ ಹತ್ತಕ್ಕೆ ಹತ್ತು ಕೊಡುತ್ತಾನೆ. ನಾನು ಆ ಪ್ಲೇಗೆ ಪೂರ್ತಿ ಕೊಟ್ಟು, ಮಿಕ್ಕ ಪ್ಲೇಗಳಲ್ಲಿ ಎಷ್ಟು ಸಲ ಇಳಿದಿದ್ದ, ಓಟದ ಪ್ಲೇಯಲ್ಲಿ ಬ್ಲಾಕ್ ಮಾಡಿದನಾ ಅಂತ ನೋಡುತ್ತೇನೆ.

ಅದೇ ಪ್ಲೇಯಲ್ಲಿ ಇನ್ನೊಂದು ಕೆಲಸ ಮಾಡಿ. ಲೆಫ್ಟ್ ಟ್ಯಾಕಲ್, ಅಂದರೆ ಅಲಬಾಮಾ ಲೈನ್‌ನ ಎಡತುದಿಯಲ್ಲಿ ನಿಲ್ಲುವವನ ಜಾಗ ನೋಡಿ. ಜೋನಾ ವಿಲಿಯಮ್ಸ್ ಗಾಯ ಮಾಡಿಕೊಂಡು ಹೊರಗೆ ಹೋದ ಮೇಲೆ ಅಲೆಕ್ಸ್ ಲೆದರ್‌ವುಡ್ ಅನ್ನುವ ಮೊದಲ ವರ್ಷದ ಹುಡುಗ ಅಲ್ಲಿ ನಿಂತ, ರಾಷ್ಟ್ರೀಯ ಫೈನಲ್‌ನ ಮಧ್ಯದಲ್ಲಿ, ಎದುರಿಗೆ ಜಾರ್ಜಿಯಾದ ಹಳೇ ಹುಲಿಗಳು. ಅವನ ಹೆಸರಿನ ಮುಂದೆ ಒಂದು ಅಂಕಿಯೂ ಇಲ್ಲ. ಟುವಾ ಗೆಲ್ಲಿಸಿದ ಅನ್ನುವುದನ್ನು ಒಪ್ಪುತ್ತೇನೆ, "ಒಬ್ಬನೇ" ಅನ್ನುವ ಕಡೆ ಒಪ್ಪದಿರುವುದು ಈ ಕಾರಣಕ್ಕೆ.

ಈಗ ಚಬ್. ನಿಕ್ ಚಬ್ 18 ಸಲ ಓಡಿ 25 ಯಾರ್ಡ್, ಸೋನಿ ಮಿಶೆಲ್ 14 ಸಲ ಓಡಿ 98. ಒಂದೇ ತಂಡ, ಒಂದೇ ಲೈನ್, ಒಂದೇ ರಾತ್ರಿ. ಹಾಗಾದರೆ ಚಬ್ ದಂಡವೇ ಅಲ್ವಾ ಅಂತ ನೀವು ಕೇಳಿದ್ದು ಸಹಜ. ರನ್ನಿಂಗ್ ಬ್ಯಾಕ್‌ಗೆ ಮಾರ್ಕ್ಸ್ ಹಾಕುವಾಗ ನೋಡಬೇಕಾದ್ದು ಒಂದೇ: ಮೊದಲ ಏಟು ಎಲ್ಲಿ ಬಿತ್ತು? ಚೆಂಡು ಕೈಗೆ ಬಂದ ಜಾಗದಲ್ಲೇ, ಪ್ಲೇ ಶುರುವಾದ ಗೆರೆ ದಾಟುವ ಮುಂಚೆಯೇ ಎದುರಾಳಿ ಮೈಮೇಲೆ ಬಿದ್ದಿದ್ದರೆ ಅದು ಓಡಿದವನ ಲೆಕ್ಕ ಅಲ್ಲ. ಏಟು ಬಿದ್ದ ಮೇಲೆ ಎಷ್ಟು ಎಳೆದ, ಎಷ್ಟು ಜನ ಬೇಕಾಯಿತು ಅವನನ್ನು ಕೆಡವಲು, ಅದು ಅವನ ಲೆಕ್ಕ. ಚಬ್‌ನ 18 ಓಟ ಹೀಗೆ ನೋಡಿ. ಎಷ್ಟು ಸಲ ಓಡಲು ಜಾಗವೇ ಇರಲಿಲ್ಲ ಅಂತ ಎಣಿಸಿ, ಆಮೇಲೆ ಮಾತಾಡೋಣ. ಆ ಸಂದಿಗಳನ್ನು ಮುಚ್ಚಿದ್ದು ಅಲಬಾಮಾದ ಡರಾನ್ ಪೇಯ್ನ್ ಮತ್ತು ಅವನ ಜೊತೆಗಾರರು, ಡಿಫೆನ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪೇಯ್ನ್‌ಗೆ ಹೋಗಿದ್ದು ಸುಮ್ನೆ ಅಲ್ಲ. ಇಬ್ಬರು ಮೂವರನ್ನು ತನ್ನ ಮೇಲೆ ಎಳೆದುಕೊಂಡು ಲೈನ್‌ಬ್ಯಾಕರ್‌ಗೆ ದಾರಿ ಬಿಡುವವನಿಗೆ ಟ್ಯಾಕಲ್ ಸಿಗುವುದಿಲ್ಲ, ಹಿಂದಿನವನಿಗೆ ಸಿಗುತ್ತದೆ. ಚಬ್ ಮೂರು ತಿಂಗಳ ನಂತರ ಡ್ರಾಫ್ಟ್‌ನಲ್ಲಿ (ಎನ್‌ಎಫ್‌ಎಲ್ ತಂಡಗಳು ಕಾಲೇಜ್ ಆಟಗಾರರನ್ನು ಆರಿಸುವುದು) 35ನೆಯವನಾಗಿ ಕ್ಲೀವ್‌ಲ್ಯಾಂಡ್‌ಗೆ ಹೋಗಿ ಎನ್‌ಎಫ್‌ಎಲ್‌ನ ಒಳ್ಳೊಳ್ಳೆ ರನ್ನಿಂಗ್ ಬ್ಯಾಕ್‌ಗಳಲ್ಲಿ ಒಬ್ಬನಾದ. ಮಿಶೆಲ್ 31ನೆಯವನು, ನ್ಯೂ ಇಂಗ್ಲೆಂಡ್‌ಗೆ.

ಯಾವಾಗ ಓಡಿದ ಅನ್ನುವುದನ್ನೂ ನೋಡಿ. ಅಲಬಾಮಾದ ನಜೀ ಹ್ಯಾರಿಸ್ 6 ಸಲ ಓಡಿ 64 ಯಾರ್ಡ್, ಎಲ್ಲವೂ ನಾಲ್ಕನೇ ಕ್ವಾರ್ಟರ್‌ನಲ್ಲಿ. ಒಳ್ಳೆ ಓಟಗಳೇ. ಆದರೆ ತಾಜಾ ಕಾಲುಗಳು, ಎದುರಿಗೆ ಮೂರು ಕ್ವಾರ್ಟರ್ ಆಡಿ ಬಂದ ಡಿಫೆನ್ಸ್. ಆಟ ಶುರುವಾದಾಗಿನಿಂದ ಓಡಿದವನ ಸರಾಸರಿ ಜೊತೆ ಇದನ್ನು ಪಕ್ಕಪಕ್ಕ ಇಟ್ಟರೆ ಅನ್ಯಾಯ.

ನೀವು ಮಾಡಬೇಕಾದ್ದು ಹೀಗಿದೆ. ಶನಿವಾರ ಸುಮ್ನೆ ಆಟ ನೋಡಿ, ಕಿರುಚಿ, ಮಾರ್ಕ್ಸ್ ಯೋಚನೆ ಬೇಡ. ಭಾನುವಾರ ರೆಕಾರ್ಡಿಂಗ್ ಹಾಕಿ, ಪ್ಲೇ-ಬೈ-ಪ್ಲೇ ಪಟ್ಟಿ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. 22 ಜನರನ್ನೂ ಹಿಡಿಯಲು ಹೋದರೆ ಎರಡು ವಾರಕ್ಕೆ ಬಿಟ್ಟುಬಿಡುತ್ತೀರಿ. ಒಂದು ಡ್ರೈವ್‌ಗೆ ಒಬ್ಬನನ್ನು ಹಿಡಿಯಿರಿ, ಅವನನ್ನು ಬಿಟ್ಟು ಬೇರೆ ಯಾರನ್ನೂ ನೋಡಬೇಡಿ. ಕೆಲಸ ಮಾಡಿದರೆ ಸೊನ್ನೆ, ಅದಕ್ಕಿಂತ ಚೆನ್ನಾಗಿ ಮಾಡಿದರೆ ಪ್ಲಸ್, ಕೆಡಿಸಿದರೆ ಮೈನಸ್, ಗೊತ್ತಾಗದಿದ್ದರೆ ಪ್ರಶ್ನೆ ಚಿಹ್ನೆ. ಆಟಗಾರರಿಗೆ ಮಾರ್ಕ್ಸ್ ಹಾಕುವುದನ್ನೇ ಕಸುಬು ಮಾಡಿಕೊಂಡ ಪಿಎಫ್‌ಎಫ್ ಕಂಪನಿಯವರು ಪ್ರತಿ ಪ್ಲೇಗೆ ಮೈನಸ್ 2ರಿಂದ ಪ್ಲಸ್ 2ರವರೆಗೆ ಅರ್ಧರ್ಧ ಅಂಕದಲ್ಲಿ ಹಾಕುತ್ತಾರೆ, ಅವರಲ್ಲೂ ಸೊನ್ನೆ ಅಂದರೆ ಕೆಲಸ ಮಾಡಿದ್ದಾನೆ ಅಂತಲೇ. ಮನೆಯಲ್ಲಿ ನಮಗೆ ಅಷ್ಟು ಸೂಕ್ಷ್ಮ ಬೇಡ. ಪ್ರಶ್ನೆ ಚಿಹ್ನೆ ಹಾಕಲು ನಾಚಬೇಡಿ, ಕೋಚ್ ಏನು ಹೇಳಿಕೊಟ್ಟಿದ್ದ ಅಂತ ನಮಗೆ ಗೊತ್ತಿರುವುದಿಲ್ಲ. ಪಾಸ್ ರಿಸೀವರ್ ಇಲ್ಲದ ಕಡೆ ಹೋಗಿ ಬಿದ್ದರೆ ಎಸೆದವನು ತಪ್ಪಿದನಾ, ಓಡಬೇಕಾದವನು ತಪ್ಪು ದಾರಿ ಹಿಡಿದನಾ, ಎಷ್ಟೋ ಸಲ ಹೇಳಲು ಆಗುವುದೇ ಇಲ್ಲ.

ಪ್ರತಿ ಪ್ಲೇಯ ಪಕ್ಕ ಡೌನ್ ಮತ್ತು ದೂರ ಬರೆದುಕೊಳ್ಳಿ. ಥರ್ಡ್ ಅಂಡ್ 2ರಲ್ಲಿ 3 ಯಾರ್ಡ್ ತಂದವನು ಗೆದ್ದ, ಥರ್ಡ್ ಅಂಡ್ 15ರಲ್ಲಿ 9 ಯಾರ್ಡ್ ತಂದವನು ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ತಂದ, ಆದರೂ ಬಾಕ್ಸ್ ಸ್ಕೋರ್‌ನಲ್ಲಿ ಎರಡನೆಯವನದೇ ಜಾಸ್ತಿ. ಕಾಲೇಜ್ ಆಟದಲ್ಲಿ ಜನ ಬಳಸುವ ಒಂದು ಅಳತೆ ಇದೆ: ಫಸ್ಟ್ ಡೌನ್‌ನಲ್ಲಿ ಬೇಕಾದ ದೂರದ ಅರ್ಧ, ಸೆಕೆಂಡ್‌ನಲ್ಲಿ ಶೇಕಡ 70, ಮೂರು ನಾಲ್ಕರಲ್ಲಿ ಪೂರ್ತಿ ಬಂದರೆ ಆ ಪ್ಲೇ ಗೆದ್ದಂತೆ. ಸರಾಸರಿ ಯಾರ್ಡ್‌ಗಿಂತ ಇದು ಎಷ್ಟೋ ಮೇಲು, ಒಂದು ಉದ್ದ ಓಟ ಇಡೀ ಲೆಕ್ಕ ಕೆಡಿಸುವುದಿಲ್ಲ. 35 ಅಂಕ ಮುಂದಿದ್ದಾಗ ಕೊನೆಯ ಕ್ವಾರ್ಟರ್‌ನಲ್ಲಿ ಆಡಿದ್ದನ್ನು ಬೇರೆ ಪುಟದಲ್ಲಿ ಬರೆಯಿರಿ.

ಟೀವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಹಾಗಾಗಿ ಲೈನ್ ಚೆನ್ನಾಗಿ ಕಾಣುತ್ತದೆ, ಹಿಂದೆ ಆಡುವ ಕಾರ್ನರ್, ಸೇಫ್ಟಿ ಅರ್ಧ ಹೊತ್ತು ಚೌಕಟ್ಟಿನ ಹೊರಗೇ ಇರುತ್ತಾರೆ. ಎಲ್ಲರೂ ಲೈನ್ ಕಷ್ಟ ಅಂತ ಬಿಡುತ್ತಾರೆ, ನಿಜವಾಗಿ ಮನೆಯಲ್ಲಿ ಕೂತವನಿಗೆ ಸುಲಭ ಅದೇ. ಕಾರ್ನರ್‌ಗೆ ರೀಪ್ಲೇ ಸಿಕ್ಕಾಗ ಮಾತ್ರ ಹಾಕಿ. ಅವನ ಹೆಸರೇ ಕೇಳಿಸಲಿಲ್ಲ ಅಂದರೆ ಸಾಮಾನ್ಯವಾಗಿ ಒಳ್ಳೆ ಲಕ್ಷಣ, ಅವನ ಕಡೆ ಎಸೆಯಲು ಎದುರಾಳಿಗೆ ಧೈರ್ಯ ಬರಲಿಲ್ಲ ಅಂತ. ಸೇಫ್ಟಿಗೆ ರಾಶಿ ಟ್ಯಾಕಲ್ ಬಂದಿದ್ದರೆ ಮುಂದಿನವರು ಬಿಟ್ಟಿದ್ದಾರೆ ಅಂತ ಮೊದಲು ಅನುಮಾನ ಪಡಿ.

ಕಿಕರ್ ಬಗ್ಗೆ ಜಾಸ್ತಿ ಬೇಡ. ಅಲಬಾಮಾ ಕಿಕರ್ ನಿಗದಿತ ಸಮಯದ ಕೊನೇ ಗಳಿಗೆಯಲ್ಲಿ 36 ಯಾರ್ಡ್ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದೆಯುವ ಕಿಕ್) ತಪ್ಪಿಸಿದ, ಮೈನಸ್. ಜಾರ್ಜಿಯಾದ ರಾಡ್ರಿಗೋ ಬ್ಲಾಂಕೆನ್‌ಶಿಪ್ ಓವರ್‌ಟೈಮ್‌ನಲ್ಲಿ 51 ಯಾರ್ಡ್ ಹೊಡೆದ, ಪ್ಲಸ್. ಓವರ್‌ಟೈಮ್ ಶುರುವಾಗುವುದು 25ರ ಗೆರೆಯಿಂದ, ಅಲ್ಲಿಂದ ಕಿಕ್ ಸುಮಾರು 42 ಯಾರ್ಡ್. ಅಂದರೆ ಆ ಕಿಕರ್‌ಗೆ ಜಾರ್ಜಿಯಾ ಆಫೆನ್ಸ್ ಒಂಬತ್ತು ಯಾರ್ಡ್ ಸಾಲ ಹೊರಿಸಿ ಕಳಿಸಿತ್ತು. ಫ್ರಾಮ್ ಮೇಲಿನ ನಿಮ್ಮ ಸಿಟ್ಟಿನಲ್ಲಿ ಅರ್ಧ ಸರಿ ಅಂದಿದ್ದು ಈ ಒಂದು ಡ್ರೈವ್‌ಗಾಗಿ.

ಒಂದು ಪಂದ್ಯದ ಮಾರ್ಕ್ಸ್ ಹಿಡಿದು ಹುಡುಗನ ಹಣೆಬರಹ ಬರೆಯಬೇಡಿ. ಆ ರಾತ್ರಿ 21 ಯಾರ್ಡ್‌ಗೆ ಬೆಂಚ್ ಸೇರಿದ ಹರ್ಟ್ಸ್, ಅದೇ ವರ್ಷ ಡಿಸೆಂಬರ್ 1ರಂದು ಅದೇ ಮೈದಾನದಲ್ಲಿ, ಅದೇ ಜಾರ್ಜಿಯಾ ಎದುರು, ಗಾಯಗೊಂಡ ಟುವಾ ಬದಲು ಇಳಿದು ಎಸ್‌ಇಸಿ (ಈ ಎರಡೂ ತಂಡ ಆಡುವ ಕಾಲೇಜ್ ಲೀಗ್) ಫೈನಲ್ 35–28 ಗೆಲ್ಲಿಸಿದ. 2025ರಲ್ಲಿ ಸೂಪರ್ ಬೌಲ್‌ನ (ಎನ್‌ಎಫ್‌ಎಲ್ ಫೈನಲ್) ಶ್ರೇಷ್ಠ ಆಟಗಾರ ಅವನೇ. ಗುಂಪಿನಲ್ಲಿ ಮಾರ್ಕ್ಸ್ ಹಾಕುವಾಗ ಪ್ಲೇ ಬಗ್ಗೆ ಎಷ್ಟು ಬೇಕಾದರೂ ಬೈಯಿರಿ, 18–20 ವರ್ಷದ ಹುಡುಗರ ಪೇಜ್‌ಗೆ ಹೋಗಿ ಬೈಯುವವರ ಸಾಲಿಗೆ ಮಾತ್ರ ಸೇರಬೇಡಿ.

ಅಭ್ಯಾಸಕ್ಕೆ ಒಂದು ಪ್ಲೇ ಕೊಡುತ್ತೇನೆ. ಅದೇ ಪಂದ್ಯ, ಮೂರನೇ ಕ್ವಾರ್ಟರ್, ಅಲಬಾಮಾ ಪಂಟ್ ಮಾಡುವಾಗ ಜಾರ್ಜಿಯಾದ ಟೈಲರ್ ಸಿಮನ್ಸ್ ನುಗ್ಗಿ ಅದನ್ನು ತಡೆದ, ಆದರೆ ಆಫ್‌ಸೈಡ್ ಅಂತ ಬಾವುಟ ಬಿತ್ತು, ಪ್ಲೇ ರದ್ದು. ಬಾಕ್ಸ್ ಸ್ಕೋರ್‌ನಲ್ಲಿ ಅವನ ಪಾಲಿಗೆ ಉಳಿದದ್ದು ಪೆನಾಲ್ಟಿ ಮಾತ್ರ. ಸ್ನ್ಯಾಪ್ (ಪ್ಲೇ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವುದು) ಆಗುವ ಕ್ಷಣಕ್ಕೆ ವಿಡಿಯೋ ನಿಲ್ಲಿಸಿ, ಚೆಂಡು ಅಲುಗಿದಾಗ ಅವನ ಕಾಲು ಗೆರೆಯ ಯಾವ ಕಡೆ ಇತ್ತು ನೋಡಿ, ಅವನಿಗೆ ಎಷ್ಟು ಹಾಕುತ್ತೀರಿ ಅಂತ ಇಲ್ಲೇ ಕೆಳಗೆ ಬರೆಯಿರಿ.