ದಾಳಿಕೋರನ ಬೆನ್ನುಹತ್ತುವ ಡಚ್ ಥ್ರಿಲ್ಲರ್‌ಗಳು: ನೋಡಿದವರ ಮಾತು ಏಕೆ ಎರಡಾಗುತ್ತದೆ?

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ದಾಳಿಕೋರನೊಬ್ಬನ ಪತ್ತೆಗಾಗಿ ಹೆಣಗುವವರ ಕಥೆಯುಳ್ಳ ಎರಡು ಡಚ್ ಚಿತ್ರಗಳನ್ನು, ಅಂದರೆ ವಿದ್ಯಾರ್ಥಿಗಳ ಗುಂಪೊಂದರ ಸುತ್ತ ನಡೆಯುವ 2016ರ ‘ಸ್ನೇಕ್‌ವೇಕ್’ ಮತ್ತು 1988ರ ‘ಸ್ಪೋರ್‌ಲೋಸ್’ ಚಿತ್ರಗಳನ್ನು, ನೀವು ವಾರಾಂತ್ಯಕ್ಕೆಂದು ಆರಿಸಿಟ್ಟುಕೊಂಡಿದ್ದೀರಿ. ಎರಡರ ಬಗ್ಗೆಯೂ ಕೆಲವರು ನೋಡಲೇಬೇಕೆಂದೂ ಕೆಲವರು ಸಮಯ ದಂಡವೆಂದೂ ಹೇಳಿರುವುದನ್ನು ಓದಿ ಗೊಂದಲಕ್ಕೆ ಬಿದ್ದಿದ್ದೀರಿ. ಯಾವುದನ್ನು ಮೊದಲು ನೋಡಬೇಕು, ಯಾರ ಮಾತನ್ನು ನಂಬಬೇಕು, ಮನೆಯವರೆಲ್ಲ ಕೂತು ನೋಡಬಹುದೇ ಎಂದು ಕೇಳಿದ್ದೀರಿ. ನಾನು ಕೆಲಸದ ನಿಮಿತ್ತ ಆರು ವರ್ಷಗಳಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ನಗರದಲ್ಲಿದ್ದೇನೆ. ಎರಡನ್ನೂ ನೋಡಿದ್ದೇನೆ, ‘ಸ್ಪೋರ್‌ಲೋಸ್’ ಚಿತ್ರವನ್ನಂತೂ ನಾಲ್ಕು ಬಾರಿ ನೋಡಿದ್ದೇನೆ. ಆದ್ದರಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ, ಆದರೆ ಎರಡರ ಕೊನೆಯನ್ನೂ ಬಾಯಿಬಿಡುವುದಿಲ್ಲ.

‘ಸ್ನೇಕ್‌ವೇಕ್’ ಬಗ್ಗೆ ಬಹಳ ಹೇಳಬೇಕಾದ್ದಿಲ್ಲ. ಸ್ನೇಕ್ ಎಂಬುದು ಉತ್ತರದ ಫ್ರೀಸ್‌ಲಾಂಡ್ ಪ್ರಾಂತದ ಒಂದು ಚಿಕ್ಕ ಪಟ್ಟಣ. ಅಲ್ಲಿ ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಹಾಯಿದೋಣಿ ಸ್ಪರ್ಧೆಗಳ ವಾರ ನಡೆಯುತ್ತದೆ. ಹಗಲೆಲ್ಲ ದೋಣಿ, ರಾತ್ರಿಯೆಲ್ಲ ಕುಡಿತ ಮತ್ತು ಕುಣಿತ. ವಿದ್ಯಾರ್ಥಿ ಸಂಘಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ದೀಕ್ಷೆಯ ನೆಪದಲ್ಲಿ ನಡೆದ ಕಿರುಕುಳವೊಂದು ಅನಾಹುತದಲ್ಲಿ ಮುಗಿದು, ಎರಡು ವರ್ಷಗಳ ನಂತರ ಆ ಗೆಳೆಯರ ಗುಂಪು ಈ ವಾರದ ಮೋಜಿಗೆಂದು ಬಂದಾಗ ಯಾರೋ ಅವರನ್ನು ಬೇಟೆಯಾಡತೊಡಗುತ್ತಾರೆ. ಅದು ಯಾರೆಂಬ ಪ್ರಶ್ನೆಯೊಂದೇ ಕಥೆಯನ್ನು ಎಳೆದುಕೊಂಡು ಹೋಗುತ್ತದೆ. ಇಂಥ ಕಥೆಗಳನ್ನು ಅಮೆರಿಕದ ಚಿತ್ರಗಳಲ್ಲಿ ಹತ್ತಾರು ಸಲ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ, ಅವರ ದೂರು ನ್ಯಾಯವಾದದ್ದೇ. ಆದರೆ ಇಲ್ಲಿಯವರು ಅದನ್ನು ಬೇರೆ ಕಣ್ಣಿನಿಂದ ನೋಡಿದರು. ಚಿತ್ರ ಬಂದ ಅದೇ 2016ರಲ್ಲಿ ಗ್ರೋನಿಂಗನ್ ನಗರದ ವಿದ್ಯಾರ್ಥಿ ಸಂಘವೊಂದರ ದೀಕ್ಷೆಯ ವೇಳೆ ಹೊಸ ವಿದ್ಯಾರ್ಥಿಯೊಬ್ಬನ ತಲೆಗೆ ಗಂಭೀರ ಪೆಟ್ಟಾಗಿ, ಅದು ದೇಶದ ಪತ್ರಿಕೆಗಳಲ್ಲೆಲ್ಲ ದೊಡ್ಡ ಸುದ್ದಿಯಾಗಿತ್ತು. ನಮ್ಮಲ್ಲಿ ರ‍್ಯಾಗಿಂಗ್ ಎಂದ ಕೂಡಲೇ ತಂದೆತಾಯಿಗಳ ಮುಖ ಹೇಗಾಗುತ್ತದೆಯೋ ಇಲ್ಲಿ ಆ ದೀಕ್ಷೆಯ ಹೆಸರೆತ್ತಿದರೂ ಹಾಗೆಯೇ ಆಗುತ್ತದೆ. ತಾನೂ ಅಂಥದೊಂದು ಸಂಘದಲ್ಲಿ ಓದಿನ ದಿನಗಳನ್ನು ಕಳೆದ ನನ್ನ ಸಹೋದ್ಯೋಗಿಯೊಬ್ಬನು, ಕೊಲೆಗಳನ್ನು ನೋಡುವಾಗ ತನಗೇನೂ ಅನ್ನಿಸಲಿಲ್ಲ, ಆದರೆ ಆರಂಭದ ದೀಕ್ಷೆಯ ದೃಶ್ಯದಲ್ಲಿ ಕಣ್ಣು ಬೇರೆ ಕಡೆಗೆ ಹೊರಳಿಸಿದೆ ಎಂದನು. ಅವನ ಮಾತನ್ನು ಕೇಳಿದ ಮೇಲೆ ಆ ಚಿತ್ರದ ಮೇಲೆ ನನಗಿದ್ದ ತಾತ್ಸಾರ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇಲ್ಲಿ ಅಂಕಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನೀವು ಹತ್ತಕ್ಕೆ ಆರು, ಏಳು ಎಂಬ ಅಂಕಗಳನ್ನು ನೋಡಿ ಹಿಂಜರಿದಿದ್ದೀರಿ. ಡಚ್ ಶಾಲೆಗಳಲ್ಲಿ ಅಂಕಗಳು ಹತ್ತರ ಮೇಲೆ. ಐದೂವರೆ ಬಂದರೆ ಪಾಸು, ಎಂಟು ಬಂದರೆ ಮನೆಯವರಿಗೆಲ್ಲ ಸಂತೋಷ, ಒಂಬತ್ತು ಅಪರೂಪ, ಹತ್ತು ಬರುವುದೇ ಇಲ್ಲವೆನ್ನಬೇಕು. ಆರು ಬಂದರೆ ಸಾಕು ಎನ್ನುವ ಮನೋಭಾವಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ, ಕನ್ನಡದಲ್ಲಿ ಅದನ್ನು ‘ಆರಂಕ ಸಂಸ್ಕೃತಿ’ ಎನ್ನಬಹುದು. ತೊಂಬತ್ತೆಂಟು ಬಂದರೂ ಉಳಿದೆರಡು ಎಲ್ಲಿ ಹೋಯಿತು ಎಂದು ಕೇಳುವ ಮನೆಗಳಲ್ಲಿ ಬೆಳೆದ ನಮಗೆ ಏಳು ಎಂದರೆ ಪರವಾಗಿಲ್ಲ ಎಂಬಂತೆ ಕೇಳಿಸುತ್ತದೆ. ಡಚ್ ನೋಡುಗನೊಬ್ಬ ಏಳು ಕೊಟ್ಟು, ಕೆಟ್ಟದ್ದಲ್ಲ ಎಂದು ಬರೆದಿದ್ದರೆ ಅದು ತೃಪ್ತಿಯ ಮಾತೇ.

ಇನ್ನು ‘ಸ್ಪೋರ್‌ಲೋಸ್’. ಹೆಸರಿನ ಅರ್ಥ ಸುಳಿವಿಲ್ಲದಂತೆ ಎಂದು. ಟಿಮ್ ಕ್ರಬ್ಬೆ 1984ರಲ್ಲಿ ಬರೆದ, ‘ಚಿನ್ನದ ಮೊಟ್ಟೆ’ ಎಂಬ ಅರ್ಥದ ಹೆಸರಿನ ಕಿರುಕಾದಂಬರಿಯನ್ನು ಆಧರಿಸಿ ಜಾರ್ಜ್ ಸ್ಲೈಜರ್ ನಿರ್ದೇಶಿಸಿದ ಚಿತ್ರ ಇದು. ರೆಕ್ಸ್ ಮತ್ತು ಸಾಸ್ಕಿಯಾ ಎಂಬ ಡಚ್ ಜೋಡಿ ರಜೆಗೆಂದು ಕಾರಿನಲ್ಲಿ ಫ್ರಾನ್ಸ್‌ಗೆ ಹೋಗುತ್ತದೆ. ಸುರಂಗದ ನಟ್ಟನಡುವೆ ಪೆಟ್ರೋಲ್ ಮುಗಿಯುತ್ತದೆ. ಜಗಳವಾಗಿ, ಅವಳು ಕೂಗಿ ಕರೆಯುತ್ತಿದ್ದರೂ ಕೇಳದೆ ಅವನು ಅವಳನ್ನು ಕತ್ತಲಲ್ಲೇ ಬಿಟ್ಟು ಪೆಟ್ರೋಲ್ ತರಲು ಹೋಗುತ್ತಾನೆ. ಮತ್ತೆ ರಾಜಿಯಾಗಿ, ಹೆದ್ದಾರಿಯ ಪೆಟ್ರೋಲ್ ಬಂಕ್ ಒಂದರಲ್ಲಿ ನಿಂತು, ಮರದ ಬುಡದಲ್ಲಿ ಎರಡು ನಾಣ್ಯಗಳನ್ನು ಹೂತು, ಇನ್ನೆಂದೂ ಬಿಟ್ಟುಹೋಗುವುದಿಲ್ಲ ಎಂದು ಅವನು ಮಾತು ಕೊಟ್ಟ ಮೇಲೆ, ಕುಡಿಯಲು ಏನಾದರೂ ತರುತ್ತೇನೆಂದು ಒಳಗೆ ಹೋದ ಸಾಸ್ಕಿಯಾ ಹಿಂತಿರುಗುವುದಿಲ್ಲ. ಮೂರು ವರ್ಷ ಕಳೆದರೂ ರೆಕ್ಸ್ ಅವಳ ಚಿತ್ರವುಳ್ಳ ಭಿತ್ತಿಪತ್ರಗಳನ್ನು ಅಂಟಿಸುತ್ತಲೇ ಇರುತ್ತಾನೆ.

ನೋಡುಗರು ಇಬ್ಭಾಗವಾಗುವುದು ಇಲ್ಲಿಂದ ಮುಂದೆ. ಕೃತ್ಯ ಮಾಡಿದವನು ಯಾರೆಂಬುದನ್ನು ಸ್ಲೈಜರ್ ಮುಚ್ಚಿಡುವುದೇ ಇಲ್ಲ, ಕಥೆ ಸರಿಯಾಗಿ ಬಿಸಿಯೇರುವ ಮೊದಲೇ ಆ ಮನುಷ್ಯನನ್ನು ನಮ್ಮೆದುರು ತಂದು ನಿಲ್ಲಿಸುತ್ತಾನೆ. ರೇಮೊಂ ಲೆಮೋರ್ನ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಊರಾಚೆ ತೆಗೆದುಕೊಂಡ ಒಂದು ಹಳೆಯ ಮನೆ. ಅಪರಿಚಿತ ಹೆಣ್ಣನ್ನು ಕಾರಿಗೆ ಹತ್ತಿಸಿಕೊಳ್ಳುವುದನ್ನು ಖಾಲಿ ಕಾರಿನಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಾನೆ, ಪ್ರತಿ ಸಲವೂ ತನ್ನ ನಾಡಿ ಹಿಡಿದು ಎಣಿಸುತ್ತಾನೆ, ಪಾಠದ ಟಿಪ್ಪಣಿಯಂತೆ ಬರೆದಿಟ್ಟುಕೊಳ್ಳುತ್ತಾನೆ. ಊರಾಚೆಯ ಮನೆಯಲ್ಲಿ ಮೇಜಿನ ಡ್ರಾಯರ್‌ನಿಂದ ಜೇಡಗಳು ಹೊರಬಂದು ಹೆಣ್ಣುಮಕ್ಕಳು ಚೀರಿದಾಗ ಅವನು ಅದನ್ನು ಮನೆಮಂದಿಯೆಲ್ಲ ಗಟ್ಟಿಯಾಗಿ ಕೂಗುವ ಆಟವನ್ನಾಗಿ ಮಾಡುತ್ತಾನೆ. ಎಲ್ಲರೂ ನಗುತ್ತ ಕೂಗುತ್ತಾರೆ. ಆಮೇಲೆ ಪಕ್ಕದವನ ಬಳಿ ಹೋಗಿ, ಏನಾದರೂ ಕೇಳಿಸಿತೇ ಎಂದು ಸಹಜವಾಗಿ ವಿಚಾರಿಸುತ್ತಾನೆ. ಏನೂ ಕೇಳಿಸಿಲ್ಲ. ರಕ್ತದ ಒಂದು ಹನಿಯೂ ಇಲ್ಲದ ಈ ದೃಶ್ಯದಲ್ಲಿ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಬರಲಿಲ್ಲ.

ಯಾರು ಎಂಬ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಸಿಗಬೇಕು ಎಂದು ಕಾಯುವವರಿಗೆ ಇದು ಮೋಸವೆನ್ನಿಸುತ್ತದೆ. ಕಳ್ಳ ಯಾರೆಂದು ಗೊತ್ತಾದ ಮೇಲೆ ಇನ್ನೇನಿದೆ ಎನ್ನುತ್ತಾರೆ. ಹಿಡಿದು ಹೊಡೆಯಲಿ, ಸೇಡು ತೀರಲಿ ಎಂದು ಕಾಯುವವರಿಗೂ ನಿರಾಸೆಯೇ, ಏಕೆಂದರೆ ರೆಕ್ಸ್‌ಗೆ ಸೇಡು ಬೇಕಿಲ್ಲ. ಅವಳಿಗೆ ಏನಾಯಿತು ಎಂಬುದೊಂದೇ ಅವನಿಗೆ ತಿಳಿಯಬೇಕು. ಲೆಮೋರ್ನ್ ಎದುರಿಗೇ ಬಂದು ನಿಂತು, ಗೊತ್ತಾಗಬೇಕಿದ್ದರೆ ನನ್ನ ಜೊತೆ ಬಾ ಎಂದಾಗ ಅವನು ಪೊಲೀಸರ ಬಳಿಗೆ ಹೋಗುವುದಿಲ್ಲ. ಎಂಥ ಪೆದ್ದ ಎಂದು ಬೈದುಕೊಳ್ಳುವ ನೋಡುಗರು ಲೆಕ್ಕವಿಲ್ಲದಷ್ಟಿದ್ದಾರೆ, ಮೊದಲ ಸಲ ನಾನೂ ಬೈದುಕೊಂಡೆ. ಆದರೆ ಆ ಹೊತ್ತಿಗೆ ನಾವು ಸೋಫಾದ ಅಂಚಿಗೆ ಸರಿದು ಕೂತಿರುವುದೂ ಅದೇ ಒಂದನ್ನು ತಿಳಿಯಲೆಂದೇ. ಇಲ್ಲಿಗೇ ನಿಲ್ಲಿಸೋಣವೇ ಎಂದು ಯಾರಾದರೂ ಕೇಳಿದರೆ ಬೇಡವೆನ್ನುವವರು ನಾವು. ಚಿತ್ರವನ್ನು ಮೆಚ್ಚಿದವರೂ ದೂರಿದವರೂ ನೋಡಿರುವುದು ಈ ಒಂದೇ ಗುಣವನ್ನು, ಕರೆದಿರುವುದು ಬೇರೆ ಬೇರೆ ಹೆಸರಿನಿಂದ.

ನಟನೆಯ ಬಗ್ಗೆ ಎರಡು ಮಾತು. ಸಾಸ್ಕಿಯಾ ಪಾತ್ರದ ಯೋಹಾನಾ ತೆರ್ ಸ್ಟೇಗೆ ಪರದೆಯ ಮೇಲಿರುವುದು ಸ್ವಲ್ಪವೇ ಹೊತ್ತು, ಅದೂ ಅವರ ಮೊದಲ ಚಿತ್ರ. ಆದರೂ 1988ರಲ್ಲಿ ಮೊದಲ ಬಾರಿಗೆ ಕೊಡಲಾದ ಯುರೋಪಿಯನ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಪೋಷಕ ನಟಿಯ ಪ್ರಶಸ್ತಿ ಅವರಿಗೇ ಬಂದಿತು. ಲೆಮೋರ್ನ್ ಆಗಿರುವ ಬೆರ್ನಾರ್-ಪಿಯೆರ್ ದೊನಾದ್ಯು ಒಮ್ಮೆಯೂ ಕಣ್ಣು ಕೆಂಪಗೆ ಮಾಡುವುದಿಲ್ಲ, ದನಿ ಎತ್ತುವುದಿಲ್ಲ. ಮಕ್ಕಳ ಪೋಷಕರ ಸಭೆಯಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರುವ ಮನುಷ್ಯನಂತಿದ್ದಾರೆ. ಅಮೆರಿಕದ ಹೆಸರಾಂತ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಈ ಚಿತ್ರವನ್ನು ನೋಡಿ, ತಾನು ನೋಡಿದವುಗಳಲ್ಲೆಲ್ಲ ಅತಿ ಭಯಂಕರವಾದದ್ದು ಇದೇ ಎಂದು ತನಗೆ ಹೇಳಿದನೆಂದು ಸ್ಲೈಜರ್ ಹೇಳಿಕೊಂಡದ್ದಿದೆ. ಆ ಮಾತನ್ನು ಓದಿ ಕೂತವರು ದೆವ್ವ ಭೂತಗಳ ಮಟ್ಟದ ಬೆಚ್ಚಿಬೀಳಿಕೆಯನ್ನು ನಿರೀಕ್ಷಿಸಿ, ಮೊದಲ ಮುಕ್ಕಾಲು ಗಂಟೆ ಏನೂ ಆಗಲಿಲ್ಲವೆಂದು ಬರೆದಿರುತ್ತಾರೆ. ಇಂಥ ಹೊಗಳಿಕೆಯಿಂದ ಚಿತ್ರಕ್ಕೆ ಉಪಕಾರವಾಗಿದೆಯೋ ಅಪಕಾರವಾಗಿದೆಯೋ ಹೇಳುವುದು ಕಷ್ಟ. ನೆದರ್‌ಲ್ಯಾಂಡ್ಸ್ ಇದನ್ನು ಆಸ್ಕರ್ ಸ್ಪರ್ಧೆಗೆ ಕಳುಹಿಸಿದಾಗ, ಡಚ್ ಚಿತ್ರವೆಂದು ಕರೆಯಲಾಗದಷ್ಟು ಫ್ರೆಂಚ್ ಮಾತುಗಳಿವೆಯೆಂದು ಅಲ್ಲಿ ತಿರಸ್ಕರಿಸಿದರು. ಅಡಿಬರಹಗಳನ್ನು ಓದಿಕೊಂಡು ನೋಡುವ ನಮಗೆ ಆ ಎರಡು ಭಾಷೆಗಳ ವ್ಯತ್ಯಾಸ ತಪ್ಪಿಹೋಗುತ್ತದೆ, ಆದರೆ ಪರದೇಶದ ಬಂಕ್‌ನಲ್ಲಿ ಬೇರೆಯವರ ಭಾಷೆಯಲ್ಲಿ ತಡವರಿಸುತ್ತ ವಿಚಾರಿಸುವವನ ಅಸಹಾಯಕತೆಯ ಅರ್ಧ ಅಲ್ಲಿಯೇ ಇದೆ.

ನೀವು ಓದಿದ ಅಭಿಪ್ರಾಯಗಳಲ್ಲಿ ಕೆಲವು ಈ ಚಿತ್ರದವೇ ಅಲ್ಲದಿರಬಹುದು. ಇಂಗ್ಲಿಷಿನಲ್ಲಿ ಇದರ ಹೆಸರು ‘ದಿ ವ್ಯಾನಿಷಿಂಗ್’. ಸ್ಲೈಜರ್ 1993ರಲ್ಲಿ ಅಮೆರಿಕದಲ್ಲಿ ಜೆಫ್ ಬ್ರಿಜಸ್, ಕೀಫರ್ ಸದರ್‌ಲ್ಯಾಂಡ್ ಮತ್ತು ಸಾಂಡ್ರಾ ಬುಲಕ್ ಅವರನ್ನಿಟ್ಟುಕೊಂಡು ತನ್ನ ಚಿತ್ರವನ್ನು ತಾನೇ ಮತ್ತೆ ತೆಗೆದನು, ಅದಕ್ಕೂ ಅದೇ ಹೆಸರು, ಆದರೆ ಕೊನೆ ಬೇರೆ. ಸ್ಕಾಟ್‌ಲೆಂಡಿನ ದ್ವೀಪವೊಂದರ ದೀಪಸ್ತಂಭದ ಕಾವಲುಗಾರರ ಬಗ್ಗೆ 2018ರಲ್ಲಿ ಬಂದ, ಇದಕ್ಕೆ ಯಾವ ಸಂಬಂಧವೂ ಇಲ್ಲದ ಚಿತ್ರಕ್ಕೂ ಅದೇ ಹೆಸರಿದೆ. ಮೂರಕ್ಕೂ ಸೇರಬೇಕಾದ ಮಾತುಗಳು ಒಂದರ ಕೆಳಗೆ ಬಿದ್ದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದ್ದರಿಂದ ಇಸವಿಯನ್ನು ಮೊದಲು ಪರೀಕ್ಷಿಸಿ. ಮೈಸೂರಿನ ಹಾಸ್ಟೆಲ್ ದಿನಗಳಲ್ಲಿ ನಾನು ಕೇಬಲ್ ಟಿವಿಯಲ್ಲಿ ಮೊದಲು ನೋಡಿದ್ದು 1993ರದ್ದನ್ನು. ಚೆನ್ನಾಗಿಯೇ ಇದೆ ಎಂದು ಮಲಗಿದ್ದೆ. ವರ್ಷಗಳ ನಂತರ ಇಲ್ಲಿನ ಗ್ರಂಥಾಲಯದಿಂದ ಮೂಲದ ಡಿವಿಡಿ ತಂದು ನೋಡಿದಾಗ ಮೊದಲರ್ಧ ಎಳೆದಂತೆ ಅನ್ನಿಸಿತು, ಕೊನೆ ನೋಡಿ ನಿರ್ದೇಶಕನ ಮೇಲೆ ಸಿಟ್ಟು ಬಂತು, ಅಂದೇ ಬರೆದಿದ್ದರೆ ನಾನೂ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ. ಮೂರನೆಯ ದಿನ ಸ್ನಾನ ಮಾಡುತ್ತಿದ್ದಾಗ, ಆ ಸುರಂಗದ ದೃಶ್ಯವನ್ನು ಅಷ್ಟು ಉದ್ದವಾಗಿ ಏಕೆ ಇಟ್ಟಿದ್ದಾನೆಂಬುದು ಹೊಳೆಯಿತು. ನೋಡಿದ ರಾತ್ರಿಯೇ ಬರೆದ ಅಭಿಪ್ರಾಯಗಳನ್ನು ನಾನು ಅಂದಿನಿಂದ ಅರ್ಧ ಬೆಲೆಗೆ ತೆಗೆದುಕೊಳ್ಳುತ್ತೇನೆ. ಎರಡು ವಾರವಾದರೂ ತಲೆಯಿಂದ ಹೋಗುತ್ತಿಲ್ಲ ಎಂದು ಬರೆದವನ ಮಾತನ್ನು, ಅದು ಬೈಗುಳವಾಗಿದ್ದರೂ, ಪೂರ್ತಿ ಬೆಲೆ ಕೊಟ್ಟು ಓದುತ್ತೇನೆ.

ಬೆನ್ನಟ್ಟುವ ಓಟವೇ ಬೇಕೆಂದಿದ್ದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಇನ್ನೊಂದನ್ನು ಸೂಚಿಸುತ್ತೇನೆ: ಅದೇ 1988ರಲ್ಲಿ ಡಿಕ್ ಮಾಸ್ ನಿರ್ದೇಶಿಸಿದ ‘ಆಮ್‌ಸ್ಟರ್‌ಡಾಮ್‌ಡ್’. ಆಮ್‌ಸ್ಟರ್‌ಡಾಮಿನ ಕಾಲುವೆಗಳೊಳಗಿಂದ ಮುಳುಗುಗಾರನ ಉಡುಪಿನಲ್ಲಿ ಎದ್ದುಬರುವ ಕೊಲೆಗಾರ, ಅವನ ಹಿಂದೆ ಬಿದ್ದ ಪೊಲೀಸ್ ಅಧಿಕಾರಿ, ಕಾಲುವೆಗಳಲ್ಲಿ ಸ್ಪೀಡ್‌ಬೋಟಿನ ಓಟ. ಆ ಓಟದ ಒಂದು ಭಾಗವನ್ನು ಉಟ್ರೆಕ್ಟ್ ನಗರದಲ್ಲಿ ತೆಗೆದದ್ದರಿಂದ ದಡದ ಗೋಡೆಗಳನ್ನು ನೋಡಿ ಇದು ನಮ್ಮೂರು ಎಂದು ಉಟ್ರೆಕ್ಟಿನವರು ಈಗಲೂ ಬೆರಳು ತೋರಿಸುತ್ತಾರೆ. ಮನರಂಜನೆಯಾಗಿ ಅದು ‘ಸ್ನೇಕ್‌ವೇಕ್’ಗಿಂತ ಎಷ್ಟೋ ಮೇಲು. ಹಾಗಾಗಿ ಸ್ನೇಹಿತರು ಸೇರಿದ ಸಂಜೆಗೆ ಅದು, ಒಬ್ಬರೇ ಅಥವಾ ಇಬ್ಬರೇ ಇದ್ದ ರಾತ್ರಿಗೆ ‘ಸ್ಪೋರ್‌ಲೋಸ್’, ಬೇರೇನೂ ಸಿಗದಿದ್ದರೆ ‘ಸ್ನೇಕ್‌ವೇಕ್’ ಎಂಬುದು ನನ್ನ ಅನುಕ್ರಮ.

ಮನೆಯವರೊಂದಿಗೆ ನೋಡುವ ವಿಷಯ. ‘ಸ್ನೇಕ್‌ವೇಕ್’ ಬೇಡ, ರಕ್ತ, ಕುಡಿತ, ಹಸಿ ದೃಶ್ಯಗಳಿಂದ ಹಿರಿಯರಿಗೂ ನಿಮಗೂ ಮುಜುಗರವಾಗುತ್ತದೆ. ‘ಸ್ಪೋರ್‌ಲೋಸ್’ ಅನ್ನು ಚಿಕ್ಕ ಮಕ್ಕಳು ಮಲಗಿದ ಮೇಲೆ ನೋಡಬಹುದು. ಕಳೆದ ವರ್ಷ ಅತ್ತೆ ಮಾವ ತುಮಕೂರಿನಿಂದ ಬಂದಿದ್ದಾಗ ನಾಲ್ವರೂ ಕೂತು ನೋಡಿದೆವು. ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಮಾವನವರು, ಕ್ಲೋರೋಫಾರಂ ಕರವಸ್ತ್ರ ಹಿಡಿದ ಕ್ಷಣಕ್ಕೇ ಯಾರೂ ಪ್ರಜ್ಞೆ ತಪ್ಪುವುದಿಲ್ಲ, ಅದಕ್ಕೆ ನಿಮಿಷಗಳೇ ಬೇಕೆಂದು ಎಲ್ಲ ಚಿತ್ರಗಳಿಗೂ ಅನ್ವಯಿಸುವ ತಮ್ಮ ಹಳೆಯ ಆಕ್ಷೇಪವನ್ನು ಮೊದಲೇ ಎತ್ತಿದರು. ಲೆಮೋರ್ನ್ ಅದನ್ನು ತನ್ನ ಮೇಲೆಯೇ ಪ್ರಯೋಗಿಸಿ ಸಮಯ ಅಳೆಯುವುದನ್ನು ನೋಡಿದ ಮೇಲೆ, ಮೇಷ್ಟ್ರು ಸರಿಯಾಗಿ ತಯಾರಿ ಮಾಡಿಕೊಂಡಿದ್ದಾನೆ ಎಂದು ಸುಮ್ಮನಾದರು. ಅತ್ತೆಯವರಿಗೆ ಇದಾವುದೂ ಮುಖ್ಯವಾಗಲಿಲ್ಲ. ಸಾಸ್ಕಿಯಾಳ ನೆನಪಿನಲ್ಲೇ ಮುಳುಗಿದ ರೆಕ್ಸ್‌ನ ಜೊತೆ ಇರಲಾಗದೆ ಅವನ ಹೊಸ ಗೆಳತಿ ಲೀನೆಕೆ ಹೊರಟುಹೋಗುತ್ತಾಳಲ್ಲ, ಆ ದೃಶ್ಯ ಬಂದಾಗ ಅವರು, “ಇಡೀ ಕಥೆಯಲ್ಲಿ ಬುದ್ಧಿ ಇರೋದು ಇವಳೊಬ್ಬಳಿಗೇ” ಎಂದು ಕನ್ನಡಕ ತೆಗೆದಿಟ್ಟರು, ಮುಂದೆ ಅರ್ಧಂಬರ್ಧವೇ ನೋಡಿದರು. ಮರುದಿನ ಬೆಳಗ್ಗೆ ಕಾಫಿ ಕುಡಿಯುವಾಗ ಮಾತ್ರ, ಕೊನೆಗೆ ಆ ಹುಡುಗಿಗೆ ಏನಾಯಿತು ಎಂದು ನನ್ನನ್ನು ಮೆಲ್ಲಗೆ ಕೇಳಿದರು.